ಹತ್ತೊಂಬತ್ತು ನಂಬರಿನ ಪಾನಾ

ನಮ್ಮ ಕಡೆ ಇದಕ್ಕೆ ಗೋವಿನಜೋಳ ಅಂತಾರೆ.
ಹೆಸರು ದನದ್ದು, ತಿನ್ನೋರು ಮಾರೋರು ನಾವು.
ವಾದಿ ದವಾಸಿರಿಗೆ ಬಂದ ಮೇಲೆಯೇ
ಆ ಹೆಸರು ನಿಜವಾದದ್ದು ನೋಡಿದೆ:
ಕಾಳಿನಲ್ಲಿ ಹಾಲು ಅರ್ಧ ಇಳಿದಿರುವಾಗಲೇ
ದಂಟು, ರವದಿ, ತೆನೆ, ತೆನೆಯ ಕೆಂಚುಕೂದಲು
ಒಟ್ಟಿಗೇ ಕೊಯ್ದು, ಕೊಚ್ಚಿ, ಎಲ್ಲಾ ಹಸುವಿಗೆ.
ಮೊದಲ ಸಲ ಕೈ ನಡುಗಿತ್ತು.
ಹಸಿ ತೆನೆಗೆ ಹೀಗೆ ಕೈ ಹಾಕಿದ್ದರೆ
ರಾಣೆಬೆನ್ನೂರಿನಲ್ಲಿ ನಮ್ಮಪ್ಪ ಬಾರುಕೋಲು ಹುಡುಕುತ್ತಿದ್ದ.

ರಾತ್ರಿ ಹತ್ತಕ್ಕೆ ಶುರು. ಹಗಲು ಕಬ್ಬಿಣ ಮುಟ್ಟಲಾಗದು.
ಹೊಲ ಇಲ್ಲಿ ದುಂಡಗೆ, ರೊಟ್ಟಿಯ ಹಾಗೆ;
ಅಂಚು ಮುಗಿದಲ್ಲಿ ಮರಳು.
ಮೋದಿನಸಾಬನ ಯಂತ್ರ ಎಂಟು ಸಾಲು ಒಂದೇ ಬಾಯಿಗೆ ಎಳೆದುಕೊಂಡು
ಸೊಂಡಿಲು ಬಾಗಿಸಿ ಉಗುಳುತ್ತದೆ ನನ್ನ ಟ್ರೇಲರಿಗೆ.
ನಾನು ಹಿಂದೆ ಬಿದ್ದರೆ ಹಸಿರೆಲ್ಲಾ ನನ್ನ ಗಾಜಿಗೆ,
ಮುಂದೆ ಹೋದರೆ ಮಣ್ಣಿಗೆ.
ಜೋಡೆತ್ತು ಹೂಡಿದವನಿಗೆ ಇದೇನು ಹೊಸದಲ್ಲ,
ನೊಗ ಕಾಣುವುದಿಲ್ಲ, ಅಷ್ಟೆ.

ಗುಂಡಿಯಲ್ಲಿ ಮಿಶಾರಿ, ಧಣಿಯ ಮಗ, ತಾನೇ ತುಳಿಯುತ್ತಾನೆ
ದೊಡ್ಡ ಟ್ರಾಕ್ಟರಿನಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ.
ಗಾಳಿ ಉಳಿದರೆ ಕೊಳೆಯುತ್ತದೆ, ಕೆಲಸದವರ ಮೇಲೆ ನಂಬಿಕೆ ಸಾಲದು.
ಅವನಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಗಹ್ವಾದ ಫ್ಲಾಸ್ಕು ಕಾಲ ಬಳಿ,
ಟ್ರೇಲರಿಗೊಂದು ಖರ್ಜೂರದ ಬೀಜ ಸಾಲಾಗಿ ಇಡುತ್ತ.
ಖರ್ಜೂರ ಕಳಿಸಿದ್ದು ಹೆಸ್ಸಾ ಅಜ್ಜಿ.
ಲೆಕ್ಕ ಮುಗಿಯುವ ಹೊತ್ತಿಗೆ ತಟ್ಟೆ ಮುಗಿಯುತ್ತದೆ.

ಎರಡೂವರೆಗೆ ಯಂತ್ರ ಗಕ್ಕನೆ ನಿಂತಿತು.
ಅದರ ಬಾಯೊಳಗೊಂದು ಕಿವಿಯಿದೆ,
ಕಬ್ಬಿಣದ ಸುಳಿವು ಸಿಕ್ಕರೆ ಹಲ್ಲು ಕಚ್ಚಿಬಿಡುತ್ತದೆ.
ಮೋದಿನಸಾಬ ಹಿಂದಕ್ಕೆ ತಿರುಗಿಸಿದ.
ಕಕ್ಕಿದ ದಂಟುಗಳ ನಡುವೆ ಟಾರ್ಚು ಹಿಡಿದು ಕೆದಕಿದೆವು
ಇಬ್ಬರೂ ಮೊಣಕಾಲೂರಿ.
ಒಂದು ರವದಿಯ ಕಂಕುಳಲ್ಲಿ ಸಿಕ್ಕಿತು
ಪಾನಾ. ಹತ್ತೊಂಬತ್ತು ನಂಬರು. ಹಿಡಿಗೆ ನೀಲಿ ಟೇಪು.

ಆ ಟೇಪು ಸುತ್ತಿದವನು ಭರಮಣ್ಣ.
ಹೋದ ವರ್ಷ ಇದು ಕಾಣೆಯಾದಾಗ
ಅವನ ಪಗಾರದಲ್ಲಿ ನಲವತ್ತು ರಿಯಾಲು ಮುರಿದಿದ್ದರು.
"ಪೈಪಿನ ಮ್ಯಾಲೆ ಇಟ್ಟಿದ್ದೆ" ಅನ್ನುತ್ತಲೇ ಇದ್ದ, ಊರಿಗೆ ಹೋಗುವ ದಿನದವರೆಗೆ.
ಯಾವ ಪೈಪು? ಅರ್ಧ ಕಿಲೋಮೀಟರು ಉದ್ದದ್ದು,
ಗಾಲಿಯ ಮೇಲೆ ನಡೆಯುತ್ತ ನೀರು ಸುರಿಸುವುದು.
ಅಂದರೆ ಈ ಪಾನಾ ಅಲ್ಲೇ ಮಲಗಿ
ವರ್ಷಪೂರ್ತಿ ಹೊಲ ಸುತ್ತಿದೆ,
ಗೋಧಿಯ ಮೇಲೆ, ಕುದುರೆಮಸಾಲೆಯ ಮೇಲೆ.
ನಾವು ಬಗ್ಗಿ ನೆಲ ಹುಡುಕುವಾಗ
ನೆತ್ತಿಯ ಮೇಲೇ ಹಾದುಹೋಗಿದೆ.

ಮಿಶಾರಿಗೆ ಕೊಟ್ಟೆ.
ತಿರುವಿ ನೋಡಿದ, ಟೇಪಿನ ಮೇಲೆ ಹೆಬ್ಬೆರಳಾಡಿಸಿದ,
"ಯಲ್ಲಾ, ಗುಂಡಿ ತೆರೆದಿದೆ" ಅಂದ.
ಮುದುಕ ಏನದು ಅಂತ ಕೇಳಿದ. ಮಗ ಹೇಳಿದ, ಎರಡೇ ಮಾತು.
ಮುದುಕ ಬೀಜ ಎಣಿಸಿದ. ತಪ್ಪಿತು.
ಮತ್ತೆ ಮೊದಲಿಂದ ಎಣಿಸಿದ.

ಬೆಳಗಿನ ಜಾವ ಪ್ಲಾಸ್ಟಿಕ್ ಹೊದಿಸಿ ಹಳೇ ಟೈರು ಹೇರಿದೆವು.
ಇನ್ನು ಆರು ವಾರ ಅದರ ಪಾಡಿಗೆ ಅದು ಹುಳಿಯಾಗಬೇಕು,
ಮುಚ್ಚಿಟ್ಟ ಅಂಬಲಿಯ ಹಾಗೆ; ಯಾರೂ ಇಣುಕಬಾರದು.
ಶೆಡ್ಡಿನ ಗೋಡೆಯಲ್ಲಿ ಖಾಲಿ ಮೊಳೆಯ ಸುತ್ತ
ಬಣ್ಣದಲ್ಲಿ ಬರೆದ ಪಾನಾದ ಗೆರೆ ಇತ್ತಲ್ಲ,
ಅದರ ಮೇಲೆ ಸರಿಯಾಗಿ ಕೂತಿತು.

ಭರಮಣ್ಣನಿಗೆ ಫೋನು ಮಾಡಿದೆ.
ಹಾವೇರಿಯಲ್ಲಿ ಪಂಕ್ಚರ್ ಅಂಗಡಿ ಈಗ.
ಸಿಕ್ತು ಅಂದೆ. ಆಚೆ ಸ್ವಲ್ಪ ಹೊತ್ತು ಗಾಳಿ ತುಂಬುವ ಸದ್ದು.
"ನಾಕನೇ ಗಾಲಿ ಹತ್ರ?"
ಹೂಂ.
"ನಾ ಹೇಳಿದ್ನಿಲ್ಲೋ."
ರೊಕ್ಕದ ಮಾತು ಅವನೂ ಎತ್ತಲಿಲ್ಲ, ನಾನೂ.
ಫೋನು ಇಡುವ ಮುಂಚೆ ಕೇಳಿದ,
ಟೇಪು ಹೆಂಗೈತಿ?
ಗಟ್ಟಿ ಐತಿ, ಅಂದೆ.