ಸೀಟಿ, ಚೀಟಿ

ಲಿಮಾದಲ್ಲಿ ಮಳೆಯೆಂಬುದಿಲ್ಲ.
ಕತ್ತೆಹೊಟ್ಟೆ ಬಣ್ಣದ ಆಕಾಶ ಆರು ತಿಂಗಳು
ಗಾಜಿನ ಮೇಲೆ ಬೆವರುತ್ತದೆ, ಅಷ್ಟೆ.
ಆ ಬೆವರು ಒರೆಸುತ್ತ ನಾನು;
ಬಾಗಿಲಿಗೆ ಜೋತುಬಿದ್ದು ಎಡಿಲ್ಸನ್,
"ಹತ್ತಿ ಹತ್ತಿ ಹತ್ತಿ, ಅಬಾಂಕಾಯ್ ಪೂರ್ತಿ!"
ಹದಿನಾಲ್ಕು ಸೀಟಿನ ಕೊಂಬಿಯಲ್ಲಿ ಇಪ್ಪತ್ತೆರಡು ಜನ,
ಒಂದು ಕೋಳಿ,
ಮತ್ತು ಕೆಂಪುದೀಪ ಬೇರೆಯವರಿಗೆ ಎಂಬ ಧೈರ್ಯ.

ಆಗ ಬಂತು ಸೀಟಿ.
ಒಂದೇ. ಉದ್ದ. ಕಿವಿಯಿಂದ ಕಿವಿಗೆ ದಾರ ಪೋಣಿಸಿದ ಹಾಗೆ.

ಎದೆಯ ಮೇಲೆ ಹೆಸರು: ಪಾರಿಯೋನ, ಇ.
ಇ ಎಂದರೆ ಎಡೆಲ್ಮಿರಾ ಎಂದು ತಿಳಿದದ್ದು ಆಮೇಲೆ.
ಬಿಳಿ ಕೈಗವಸು, ಮೊಣಕಾಲುದ್ದ ಬೂಟು,
ಬೂಟಿನ ಮೇಲೆ ಇಡೀ ನಗರದ ಧೂಳು.
ನನ್ನ ಹೆಗಲಿಗೂ ಬಾರದ ಹೆಂಗಸು;
ಕೈಯೆತ್ತಿದರೆ ಸಿಮೆಂಟು ಲಾರಿ ನಿಲ್ಲುತ್ತದೆ.

ಲೈಸೆನ್ಸಿನ ಮಡಿಕೆಯಲ್ಲಿ ಇಪ್ಪತ್ತು ಸೋಲ್ ಇಟ್ಟು ಕೊಟ್ಟೆ.
"ಸೋಡಾಕ್ಕೆ" ಎನ್ನುತ್ತೇವೆ ನಾವಿಲ್ಲಿ, ಹಲ್ಲು ಬಿಟ್ಟು.
ಅವಳು ಬಿಡಲಿಲ್ಲ. ನೋಟನ್ನು ಎರಡು ಬೆರಳಲ್ಲಿ ಎತ್ತಿ,
ಸತ್ತ ಇಲಿಯ ಬಾಲ ಹಿಡಿದ ಹಾಗೆ,
"ನಿಮ್ಮದು" ಎಂದಳು.
ಆಮೇಲೆ ಬರೆದಳು.
ದೀಪ ಹಾರಿದ್ದು. ಜನ ತುಂಬಿದ್ದು.
ಬಗ್ಗಿ, ಟೈರು ಸವರಿ ನೋಡಿ, ಅದು ಬೋಳಾಗಿದ್ದನ್ನೂ.
ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ.
ಇಪ್ಪತ್ತೆರಡು ಜನ ಇಳಿದರು, ಕೋಳಿಯೂ ಇಳಿಯಿತು.
ಬೈದದ್ದು ನನಗೋ ಅವಳಿಗೋ ತಿಳಿಯಲಿಲ್ಲ.

ಹೊಲಿಗೆಯಂತ್ರಕ್ಕೆಂದು ಹೆಂಡತಿ ಕೂಡಿಟ್ಟದ್ದು ಟೈರಿಗೆ ಹೋಯಿತು.
ಹಿಡಿಶಾಪ ಹಾಕಿದೆ: ಅವಳ ಬೂಟಿಗೆ, ಪೆನ್ನಿಗೆ,
ಅವಳನ್ನು ಹೆತ್ತು ಇಳಿಸಿಕೊಟ್ಟ ಬೆಟ್ಟಕ್ಕೆ.
(ನಮ್ಮವ್ವನೂ ಆ ಬೆಟ್ಟದವಳೇ.
ಅದೊಂದನ್ನು ವಾಪಸು ತೆಗೆದುಕೊಂಡೆ.)

ಮುಂದೇನಾಯಿತು ಎಂದು ಕೇಳುತ್ತೀರಿ.
ಏನೂ ಆಗಲಿಲ್ಲ. ಅದೇ ಕಥೆ.
ಆಗಸ್ಟಿನ ಒಂದು ಸಂಜೆ, ಇಳಿಜಾರು, ಮಂಜು ನೆಕ್ಕಿದ ರಸ್ತೆ,
ಬಿಸಿ ಕಷಾಯದ ಗಾಡಿ ತಳ್ಳುತ್ತ ಒಬ್ಬ ಮುದುಕ
ಅತ್ತಿತ್ತ ನೋಡದೆ ದಾಟಿದ.
ಬ್ರೇಕು ಒತ್ತಿದೆ. ಟೈರು ನೆಲ ಕಚ್ಚಿತು.
ಅವನು ಬೈದ, ನಾನೂ ಬೈದೆ,
ಒಂದು ಲೋಟವೂ ತುಳುಕಲಿಲ್ಲ.
ಪತ್ರಿಕೆಯಲ್ಲಿ ಬರಲಿಲ್ಲ. ಬರುವುದೇನಿತ್ತು?
ಆಗದೇ ಹೋದದ್ದಕ್ಕೆ ಯಾವ ಠಾಣೆಯಲ್ಲೂ ರಿಜಿಸ್ಟರಿಲ್ಲ.
ಆ ಮೂಲೆ ಹಾಯ್ದವರು ದಿನಕ್ಕೆ ಎಷ್ಟು ಮಂದಿ
ತಾವು ಉಳಿದದ್ದೇ ತಿಳಿಯದೆ
ಮನೆಗೆ ಹೋಗಿ, ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗಿ,
ಮಲಗಿದರೋ!
ಲೆಕ್ಕ ಅವಳಿಗೂ ಗೊತ್ತಿಲ್ಲ.
ಅವಳಿಗೆ ಗೊತ್ತಿರುವುದು ಬೈಗುಳದ ಲೆಕ್ಕ.

ಕಳೆದ ಶನಿವಾರ, ಕತ್ತಲಾದ ಮೇಲೆ,
ಕೊನೆಯ ಟ್ರಿಪ್ಪಿಗೆ ಒಬ್ಬಳು ಹತ್ತಿದಳು.
ನೇರಳೆ ಸ್ವೆಟರು, ಚೀಲದ ತುಂಬ ಆಲೂಗಡ್ಡೆ,
ಚಪ್ಪಲಿ ಬಿಟ್ಟು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು.
ಕನ್ನಡಿಯಲ್ಲಿ ಗುರುತು ಹತ್ತಿದ್ದು ಮುಖದಿಂದಲ್ಲ,
ಟೋಪಿ ಹಣೆಗೆ ಎಳೆದ ಗೆರೆಯಿಂದ:
ಕೆಳಗೆ ಸುಟ್ಟ ಕಂದು, ಮೇಲೆ ಕೂಸಿನ ಚರ್ಮ.

"ಇವರ ಹತ್ತಿರ ದುಡ್ಡು ಬೇಡ" ಎಂದೆ ಎಡಿಲ್ಸನ್‌ಗೆ.
ಅವಳು ನಾಣ್ಯ ಎಣಿಸಿದಳು.
ಎರಡು ಬೆರಳಲ್ಲಿ ಹಿಡಿದು, "ನಿಮ್ಮದು" ಎಂದಳು.
"ಟಿಕೆಟ್ಟು?"

ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಹುಡುಗ ಸೀಟಿನಡಿ ತಡಕಿ, ಗ್ರೀಸು ಮೆತ್ತಿದ ಕಟ್ಟು ಎಳೆದು,
ಒಂದು ಹರಿದು ಕೊಟ್ಟ.
ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟಳು.
ಅವಳ ಚೀಟಿ ನನ್ನ ಲೈಸೆನ್ಸಿನ ಮಡಿಕೆಯಲ್ಲಿ
ಹಾಗೆಯೇ ಇದೆ ಎಂದು ಹೇಳಬೇಕೆನಿಸಿತು; ಗೇರು ಬದಲಿಸಿದೆ.

ಇಳಿದವಳು ಹಿಂದೆ ಸುತ್ತಿ ಬಂದು
ನನ್ನ ಕಿಟಕಿ ತಟ್ಟಿದಳು.
"ಎಡಗಡೆ ಹಿಂದಿನ ದೀಪ ಉರಿಯುತ್ತಿಲ್ಲ.
ಸೋಮವಾರ ಬೆಳಿಗ್ಗೆ ನನ್ನದೇ ಡ್ಯೂಟಿ."