ವಾಲ್ವಿನವನ ವಹಿ

ಸದನದ ದಾರಿ ತಪ್ಪಿಸ್ಯಾರ ಅಂತ
ಪೇಪರಿನ್ಯಾಗ ಬಂದಿತ್ತು, ದಪ್ಪ ಅಕ್ಷರದಾಗ.
ಓದಿ ನನಗ ನಗು ಬಂತು.
ದಾರಿ ತಪ್ಪಸೋದು ನನ್ನ ಕಸಬು ನೋಡ್ರಿ.
ಇಪ್ಪತ್ತಾರು ವರ್ಷ, ಹಳೇ ಹುಬ್ಬಳ್ಳಿ, ಹದಿನಾಲ್ಕು ವಾಲ್ವ್,
ಎದಿಮಟ ಬರೂ ಒಂದು ಕಬ್ಬಿಣದ ಚಾವಿ.
ಎಡಕ್ಕ ಹನ್ನೊಂದು ಸುತ್ತು ತಿರುವಿದ್ರ
ಕಮ್ಮಾರ ಓಣಿಗೆ ಹೊಂಟ ನೀರು
ಪಿಂಜಾರ ಓಣಿಗೆ ಹೊಳ್ಳತೈತಿ.
ನೀರಿಗೆ ಗೊತ್ತಾಗಂಗಿಲ್ಲ.
ಓಣಿಗೆ ಗೊತ್ತಾಗತೈತಿ.

ಬೆಳಗಾವ್ಯಾಗ ಚಳಿಗಾಲದ ಅಧಿವೇಶನ.
ಚುಕ್ಕಿ ಗುರುತಿನ ಪ್ರಶ್ನಿ, ನಂಬರ್ ನನಗ ಬಾಯಿಪಾಠ:
ಇನ್ನೂರಾ ಹದಿನೇಳು.
ಮಂತ್ರಿ ಸಾಹೇಬ್ರು ಎದ್ದು ನಿಂತು, ಕನ್ನಡಕ ಏರಿಸಿ,
“ಸನ್ಮಾನ್ಯ ಸಭಾಧ್ಯಕ್ಷರೇ, ಸದರಿ ವಾರ್ಡಿಗೆ
ಎರಡು ದಿನಕ್ಕೊಮ್ಮೆ ಸಮರ್ಪಕವಾಗಿ
ನೀರು ಪೂರೈಕೆ ಆಗುತ್ತಿದೆ” ಅಂದ್ರಂತ.
ಸಮರ್ಪಕ.
ಆ ಶಬ್ದದಾಗ ಎಷ್ಟು ಕೊಡ ಹಿಡಸ್ತಾವು ಅಂತ
ಶಾಂತವ್ವ ಮುಳಗುಂದ ಕೇಳಿದ್ಲು.
ನಾ ಏನ್ ಹೇಳ್ಲಿ.

ನನ್ನ ಹತ್ರ ಒಂದು ವಹಿ ಐತಿ,
ಬಟ್ಟಿ ಅಂಗಡ್ಯಾಗ ಉದ್ರಿ ಬರಿಯೂ ಅಂಥಾದ್ದು, ಕೆಂಪು ರಟ್ಟು.
ಬರಿ ಅಂತ ಯಾರೂ ಅಂದಿದ್ದಿಲ್ಲ.
ಜಗಳಾದಾಗ ಇರ್ಲಿ ಅಂತ ಬರಕೋತ ಬಂದೀನಿ:
ಒಂಬತ್ತನೇ ತಾರೀಖು, ರಾತ್ರಿ ಎರಡೂವರಿ, ಕಮ್ಮಾರ ಓಣಿ, ಬಿಟ್ಟೆ.
ಹದಿನೆಂಟು. ಪೈಪ್ ಒಡದೈತಿ, ಅಮ್ಮಿನಭಾವಿಯಿಂದ ಬಂದಿಲ್ಲ.
ಇಪ್ಪತ್ತು. ಬಿಟ್ಟೆ. ಹಸರು ನೀರು. ಒಂದು ತಾಸು.
ನಡುವ ಖಾಲಿ ಸಾಲು.
ಎಣಿಸ್ರಿ. ಖಾಲಿ ಸಾಲಿಗೆ ಸುಳ್ಳು ಹೇಳಾಕ ಬರಂಗಿಲ್ಲ.

ಸಮಿತಿ ಬರತೈತಿ ಅಂದ್ರು.
ಹಿಂದಿನ ರಾತ್ರಿ ಇಂಜಿನಿಯರ್ ಹೊಂಬಳ ಸಾಹೇಬ್ರ ಫೋನು:
“ದಾವಲಸಾಬ, ನಾಳೆ ಮುಂಜಾನೆ ಎಲ್ಲಾ ಬಿಡು.”
“ಎಲ್ಲಾ ಅಂದ್ರ?”
“ಎಲ್ಲಾ.”
ಬಿಟ್ಟೆ.
ಎಂಥಾ ನೀರಂತೀರಿ!
ಮೋಟಾರಿಲ್ಲದ ಎರಡನೇ ಮಜಲಿಗೆ ಏರಿತು.
ಐದು ಮಂದಿ ಶಾಸಕರು ನಳಕ್ಕ ಬೊಗಸಿ ಒಡ್ಡಿ
ಫೋಟೋ ತಗಿಸಿಕೊಂಡ್ರು.
ಸಾಹೇಬ್ರ ಮಾತು ಆ ಒಂದು ಮುಂಜಾನಿಗೆ ಖರೇ ಆತು,
ನನ್ನ ಕೈಲೇ.

ಅವರೊಳಗ ಒಬ್ಬಾಕಿ, ವಯಸ್ಸಾದಾಕಿ,
ಚಪ್ಪಲಿ ಕೆಸರು ಒರಸಿಕೋತ ಕೇಳಿದ್ಲು:
“ಬರದಿಟ್ಟೀಯಂತಲ್ಲಪಾ, ತೋರ್ಸು.”
ಚೀಲಕ್ಕ ಹಾಕಿದ ಕೈ ಅಲ್ಲೇ ನಿಂತಿತು.

ಯಾಕಂದ್ರ ವಹಿಯೊಳಗೂ ಒಂದು ಸುಳ್ಳೈತಿ.
ಹೋದ ವರ್ಷ ಮೇ ತಿಂಗಳು, ತಂಗಿ ಮಗಳು ಶಮೀಮನ ಮದುವಿ.
ಪಾಳಿ ಕಮ್ಮಾರ ಓಣಿದು.
ಹನ್ನೊಂದು ಸುತ್ತು ಎಡಕ್ಕ ತಿರುವಿ
“ವಾಲ್ವ್ ಕೆಟ್ಟೈತಿ” ಅಂತ ಬರದೆ.
ನಮ್ಮ ಹಂಡೆ ತೊಳದ ನೀರು ಅವರದು.
ಅವರು ಮತ್ತ ಒಂಬತ್ತು ದಿನ ಕಾದ್ರು.

ಹೇಳಿದೆ. ವಹಿ ಕೊಡೂಕಿಂತ ಮೊದಲ ಹೇಳಿದೆ,
ಓಣಿ ನಡುವ, ಆ ಸಾಲಿನ ಮ್ಯಾಲೆ ಬಟ್ಟಿಟ್ಟು:
ಇದು ಸುಳ್ಳು. ಉಳಿದದ್ದು ಖರೇ.
ಸಾಹೇಬ್ರ ಪಿಎ ಕಿಸಕ್ಕನ ನಕ್ಕ,
“ಕೇಳಿದ್ರೆಲ್ಲ, ಸಾಕ್ಷೀನ ಸುಳ್ಳಬುರುಕ!”

ಶಾಂತವ್ವ ತುಂಬಿದ ಕೊಡ ಕೆಳಗಿಟ್ಲು.
“ಆ ಮದುವ್ಯಾಗ ನಾನೂ ಹುಗ್ಗಿ ಉಂಡೀನಿ.
ಕೈ ತೊಳಕೊಳ್ಳುವಾಗನ ಗೊತ್ತಾಗಿತ್ತು, ಯಾರ ನೀರಂತ.
ಒಂದು ವರ್ಷ ಬೈದೀನಿ ಇವನ್ನ, ಮನಸಿನ್ಯಾಗ.
ಇಂವ ಈಗರೆ ಹೇಳಿದ.
ನಿಮ್ಮ ಸಾಹೇಬ?”

ವರದಿ ಇನ್ನೂ ಬಂದಿಲ್ಲ.
ಅಧಿಕಾರಿಗಳು ಕೊಟ್ಟ ಮಾಹಿತಿ ಅಂದಾರಂತ ಸಾಹೇಬ್ರು.
ಕೆಳಗಿನವರು ಕೊಟ್ಟಿದ್ದು ಅಂದಾರಂತ ಅಧಿಕಾರಿಗಳು.
ಕೆಳಗಿನವರ ಕೆಳಗ ನಾನು.
ನನ್ನ ಕೆಳಗ ಪೈಪು.
ನನಗ ಮಾತ್ರ ನೋಟಿಸು ಮುಟ್ಟೈತಿ:
ಅನಧಿಕೃತ ವಹಿ ಇಟ್ಟಿದ್ದು ಯಾಕ,
ಏಳು ದಿನದಾಗ ಉತ್ತರ ಕೊಡು.
ಏಳು ದಿನಕ್ಕ ಈ ಓಣಿಗೆ ನೀರೂ ಬರಂಗಿಲ್ಲ.

ಹಳೇ ವಹಿ ಬೆಳಗಾವ್ಯಾಗ ಐತಿ,
ಲಕೋಟಿಯೊಳಗ, ಅರಗಿನ ಮುದ್ರಿ ಬಡದು.
ಹೊಸಾದು ತಂದೀನಿ. ಮೊದಲನೇ ಸಾಲು:
ಸಮಿತಿ ಬಂದಿತ್ತು. ಎಲ್ಲಾ ಬಿಟ್ಟೆ.
ಎರಡನೇ ಸಾಲಿಗೆ ತಾರೀಖು ಹಾಕಬೇಕು,
ಪೆನ್ನು ಹಿಡಕೊಂಡು ಕುಂತೀನಿ,
ಕಿವಿ ಪೈಪಿನ ಕಡೆ.