ಅಲುಗದ ಒಂದು ಚುಕ್ಕಿ

ಮಸ್ಜಿದ್ ಬಂದರಿನ ಪಾದಚಾರಿ ಸೇತುವೆಗೆ
ಒಂದು ವೈರನ್ನೂ ಅಂಟಿಸಕೂಡದು ಎಂದಿತ್ತು ರೈಲ್ವೆಯ ಪತ್ರ.
ಸರಿ, ಮುಟ್ಟುವುದಿಲ್ಲ, ಬರೀ ನೋಡುತ್ತೇವೆ.
ಒಣಮೆಣಸಿನಕಾಯಿ ಗೋದಾಮಿನ ತಾರಸಿಯಲ್ಲಿ
ಸೀನುತ್ತ ಸೀನುತ್ತ ಕ್ಯಾಮೆರಾ ನೆಟ್ಟೆವು
ನಾನೂ ಬೆಹ್ರಾಮನೂ.

ಸೆಕೆಂಡಿಗೆ ಐನೂರು ಚಿತ್ರ.
ನಾನೊಮ್ಮೆ ಎವೆ ಬಡಿದು ತೆರೆಯುವಷ್ಟರಲ್ಲಿ
ನೂರೈವತ್ತು ಸಲ ಕೇಳಿರುತ್ತದೆ ಅದು ಸೇತುವೆಯನ್ನು:
ಈಗ ಎಲ್ಲಿದ್ದೀ? ಈಗ? ಈಗ?

ಎಂಟು ನಲವತ್ತೆರಡರ ಲೋಕಲ್ ಬಂತು, ಜನ ಮೆಟ್ಟಿಲೇರಿದರು.
ಬರಿಗಣ್ಣಿಗೆ ಸೇತುವೆ ಕದಲಲಿಲ್ಲ,
ಗಂಡಿನ ಕಡೆಯವರೆದುರು ಕೂತವಳ ಹಾಗೆ.
ಪರದೆಯ ಮೇಲೆ ನಡುಕವನ್ನು ಐವತ್ತು ಪಟ್ಟು ಹಿಗ್ಗಿಸಿದೆ.
ಅಬ್ಬಾ!
ಕಬ್ಬಿಣ ಒಣಹಾಕಿದ ಸೀರೆಯಾಯಿತು.
ಅದರೊಂದಿಗೆ ಹಿಂದಿನ ಕಟ್ಟಡ, ತಂತಿ, ಕಾಗೆ, ಇಡೀ ಬೀದಿ.
ಬೆಹ್ರಾಮ ನಕ್ಕ: ತೂಗಾಡಿದ್ದು ನಾವು,
ಕೆಳಗೆ ಮೂಟೆ ಇಳಿಸುತ್ತಿದ್ದಾರೆ.

ಅಲುಗದ ಒಂದು ಚುಕ್ಕಿ ಬೇಕು,
ಅದನ್ನು ಹಿಡಿದು ನಮ್ಮ ನಡುಕ ಕಳೆಯಬೇಕು.
ಗೋಡೆ? ರೈಲು ಬಂದರೆ ಗುಂಯ್‌ಗುಡುತ್ತದೆ.
ದೀಪದ ಕಂಬಕ್ಕೆ ಗಾಳಿ.
ಬೆಳಗಿನಿಂದ ಕಿಟಕಿಯಲ್ಲಿ ಹಾಗೇ ಕೂತ ಮುದುಕಿ?
ಆಕೆಯ ಉಸಿರೇ ಎರಡು ಪಿಕ್ಸೆಲ್.
ಕಡೆಗೆ, ಮೂಲೆಯಲ್ಲಿ ಅರ್ಧ ಹೂತ ಒಂದು ಗಡಿಕಲ್ಲು.
ಅದೂ ಅಲುಗುತ್ತದೆ,
ನಮ್ಮ ಲೆಕ್ಕಕ್ಕೆ ಸಿಗುವಷ್ಟಲ್ಲ. ಒಪ್ಪಿಕೊಂಡೆವು.

ಮಧ್ಯಾಹ್ನ ನೆರಳಿಗೆ ಬಂದ ಹಮಾಲ ಅಮೋಗಿ,
ಇಂಡಿ ಕಡೆಯವ, ನನ್ನ ಫೋನಿನ ಕನ್ನಡ ಕೇಳಿ ಪಕ್ಕ ಕೂತ.
"ಏನ್ ನೋಡಾಕತ್ತೀರಿ ಅಕ್ಕಾರ?
ಮೂರನೇ ಕಂಬ ದಾಟಿ ನಾಕ್ ಹೆಜ್ಜಿಗಿ
ತಲೀ ಮ್ಯಾಲಿನ ಹೊರಿ ತಾನ ತೂಗತದ್ರಿ.
ಅಲ್ಲಿ ನಾ ಹೆಜ್ಜಿ ತಪ್ಪಿಸಿ ಇಡತೀನಿ.
ಹತ್ತೊಂಬತ್ತ ವರ್ಷಾತು."
ಬೀಡಿ ಹಚ್ಚಿ, ಮೆಣಸಿನ ಘಾಟಿಗೆ ತಾನೂ ಸೀನಿದ.

ಸಂಜೆ ಲೆಕ್ಕ ಮುಗಿಯಿತು.
ಮೂರನೇ ಅಂಕಣ. ಸೆಕೆಂಡಿಗೆ ಎರಡು ಚಿಲ್ಲರೆ ತೂಗು,
ಮನುಷ್ಯರ ನಡಿಗೆಯದೇ ತಾಳ.
ಮಿತಿಯೊಳಗಿದೆ, ಸದ್ಯಕ್ಕೆ.
ವರದಿಯಲ್ಲಿ ದೂರಕ್ಕೆ, ಬೆಳಕಿಗೆ, ತಪ್ಪಿನ ಅಂದಾಜಿಗೆ ಕಾಲಂ ಇವೆ;
ಅಮೋಗಿಯ ಕುತ್ತಿಗೆಯನ್ನು ಎಲ್ಲಿ ತುಂಬಲಿ?

ಮತ್ತೊಮ್ಮೆ ಓಡಿಸಿದೆ.
ಮೂರನೇ ಅಂಕಣದಲ್ಲಿ ಎಲ್ಲ ತಲೆಗಳೂ
ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವಾಗ
ನಡುವೆ ಒಂದು ಮೂಟೆ ಸಾಗುತ್ತಿದೆ,
ಏರದೆ, ಇಳಿಯದೆ,
ಅದರ ಗೆರೆ ಬಹುಮಟ್ಟಿಗೆ ನೇರ.

ಬೆಹ್ರಾಮ ಅದನ್ನು ದೋಷವೆಂದುಕೊಂಡು ಅಳಿಸಲು ಹೋದ.
ಅವನ ಕೈ ಹಿಡಿದೆ.